ಅರಿಶಿನ ಹಚ್ಚಿದ ಅಡ್ಮಿಶನ್

ತೀರ್ಮಾನ ತೆಗೆದುಕೊಳ್ಳುವ ವಿಷಯದಲ್ಲಿ ನನ್ನನ್ನು ಮೀರಿಸುವವರು ಬಳ್ಳಾರಿ ಸಿಟಿಯಲ್ಲಿ ಯಾರೂ ಇಲ್ಲ ಎಂದು ನಾನು ಎಪ್ಪತ್ಮೂರು ವರ್ಷ ನಂಬಿಕೊಂಡಿದ್ದೆ. ಕಾನ್ವೆಂಟಿನಲ್ಲಿ ಓದಿದವಳು ನಾನು. ಡಿಬೇಟಿನಲ್ಲಿ ಒಂದು ವರ್ಷ ಪರವಾಗಿ, ಮರು ವರ್ಷ ಅದೇ ವಿಷಯಕ್ಕೆ ವಿರೋಧವಾಗಿ ಮಾತಾಡಿ ಎರಡೂ ಸಲ ಕಪ್ ಗೆದ್ದವಳು. ಮುಂದೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರಾಗಿ ಊರಿನ ಅರ್ಧ ಮಕ್ಕಳಿಗೆ "ಯೆಸ್ ಆರ್ ನೋ? ಯಾವುದಾದರೂ ಒಂದು ಹೇಳು!" ಎಂದು ಗದರಿಸಿದವಳು. ಇಂಥ ನನ್ನ ಮುಂದೆ ಮೊಮ್ಮಗಳು ಮೇಧಾ ಒಂದು ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ತಂದಿಟ್ಟು, "ಅಜ್ಜಿ, ನನಗ ತಲಿ ಓಡವಲ್ದು. ನೀನೇ ಡಿಸೈಡ್ ಮಾಡಿಬಿಡು. ನೀ ಹೇಳಿದ್ಹಂಗ ಕೇಳ್ತೀನಿ" ಅಂದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಇಷ್ಟು ತಡವಾಗಿ ಯಾಕೆ ಕೇಳಿದಳು ಎಂಬುದಷ್ಟೇ ಆಶ್ಚರ್ಯ!

ಮೇಧಾ ನನ್ನ ಮಗನ ಮಗಳು. ಮಗ ಸೊಸೆ ಕೆಲಸದ ಮೇಲೆ ರಾಯಚೂರಿನಲ್ಲಿದ್ದಾರೆ. ಈಕೆ ಮೂರು ವರ್ಷದಿಂದ ನಮ್ಮ ಬಾಡಿಗೆ ಮನೆಯಲ್ಲಿ, ನಮ್ಮಿಬ್ಬರ ಜೊತೆ ಇದ್ದು ಇಲ್ಲೇ ಬಿ.ಎಸ್ಸಿ. ಮುಗಿಸಿದಳು. ಬಾಟನಿ ಎಂದರೆ ಪ್ರಾಣ. ಅದರಲ್ಲೂ ಭತ್ತದ ಎಲೆಗೆ ಬರುವ ಬೂಷ್ಟು ಎಂದರೆ ಎರಡು ಪ್ರಾಣ. ಎಪ್ಪತ್ಮೂರು ವರ್ಷ ನಾನು ಉಪ್ಪಿನಕಾಯಿಯ ಮೇಲೆ ಬೂಷ್ಟು ಬರದಂತೆ ಕಾದು ಕೂತವಳು. ಆಕೆ ನನ್ನ ಫ್ರಿಜ್ಜಿನಲ್ಲೇ ಗಾಜಿನ ತಟ್ಟೆ ಇಟ್ಟು ಬೂಷ್ಟು ಬೆಳೆಸುವವಳು! ನಮ್ಮಿಬ್ಬರ ನಡುವೆ ಮೂರು ವರ್ಷ ಶಾಂತಿ ಇತ್ತೆಂದರೆ ಅದಕ್ಕೆ ಪ್ರೀತಿಯಲ್ಲದೆ ಬೇರೆ ಕಾರಣವೇ ಇಲ್ಲ.

ಸಮಸ್ಯೆ ಇಷ್ಟು. ಎಂ.ಎಸ್ಸಿ.ಗೆ ಇಲ್ಲಿಯ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತ್ತು. ಅದು ಪಕ್ಕಾ. ಮನೆಯಿಂದ ಬಸ್ಸಿನಲ್ಲಿ ಹೋಗಿ ಸಂಜೆ ಕಾಫಿಯ ಹೊತ್ತಿಗೆ ವಾಪಸ್ ಬರಬಹುದು. ಧಾರವಾಡದಲ್ಲೂ ಸೀಟು ಬಂದಿತ್ತು. ಬೂಷ್ಟಿನ ದೊಡ್ಡ ಲ್ಯಾಬ್ ಇರುವುದು ಅಲ್ಲಿ. ಆದರೆ ಗುರುವಾರ ಸಂಜೆ ಐದರೊಳಗೆ ಆನ್‌ಲೈನಿನಲ್ಲಿ "ಒಪ್ಪಿಗೆ" ಒತ್ತದಿದ್ದರೆ ಆ ಸೀಟು ಮುಂದಿನವರಿಗೆ. ಅಪ್ಪನನ್ನು ಕೇಳಿದರೆ "ನಿನ್ನ ಇಷ್ಟ ಪುಟ್ಟಿ, ಅಜ್ಜೀನ್ನ ಕೇಳು" ಅಂದಿದ್ದ. ನನ್ನ ಮಗನಿಗೆ ಇಷ್ಟಾದರೂ ಬುದ್ಧಿ ಇದೆಯಲ್ಲ ಎಂದು ಸಂತೋಷವಾಯಿತು.

ಸಂಪೂರ್ಣ ನಿಷ್ಪಕ್ಷಪಾತವಾಗಿ ಈ ಪ್ರಕರಣವನ್ನು ಇತ್ಯರ್ಥ ಮಾಡುವುದೆಂದು ನಾನು ನಿರ್ಧರಿಸಿದೆ. ಕಾಗದದ ನಡುವೆ ಗೆರೆ ಎಳೆದೆ. ಎಡಗಡೆ "ಇಲ್ಲೇ ಇರುವುದು", ಬಲಗಡೆ "ಹೋಗುವುದು." ಎಡಗಡೆ ಹದಿನಾಲ್ಕು ಪಾಯಿಂಟ್ ಆದವು. ಮನೆ ಊಟ. ಮನೆ ನೀರು. ಅಜ್ಜಿಯ ಮಂಡಿ. ಅಜ್ಜಿಯ ಬಿ.ಪಿ. ಗುಳಿಗೆ ನೆನಪಿಸುವವರು. ಅಜ್ಜನಿಗೆ ಪೇಪರ್ ಓದಿ ಹೇಳುವವರು. ಫ್ರಿಜ್ಜಿನಲ್ಲಿ ಬೂಷ್ಟಿಗೆ ಕಾಯಂ ಜಾಗ. ಹೀಗೆ. ಬಲಗಡೆ ಒಂದೇ ಪಾಯಿಂಟ್: ಲ್ಯಾಬ್. ಅದನ್ನೂ ಪೆನ್ಸಿಲಿನಲ್ಲಿ ಬರೆದಿದ್ದೆ.

ಕಾಗದವನ್ನು ನಮ್ಮ ಯಜಮಾನರಿಗೆ ತೋರಿಸಿದೆ. ಅವರು ರಿಟೈರ್ಡ್ ಪೋಸ್ಟ್ ಮಾಸ್ತರರು. ತಂತಿ ಕಳಿಸುತ್ತಿದ್ದ ಕಾಲದ ಅಭ್ಯಾಸ ಇನ್ನೂ ಹೋಗಿಲ್ಲ, ಮಾತಿಗೆ ಇಂತಿಷ್ಟು ದುಡ್ಡು ಅಂತ ಲೆಕ್ಕ ಹಾಕಿದವರ ಹಾಗೆ ಮಾತಾಡುತ್ತಾರೆ.

"ಹೆಂಗದರೀ?" ಅಂದೆ.

"ಒಂದೇ ಕಡಿ ವಾಲೇದ."

"ನಾ ಏನ್ ಮಾಡ್ಲಿ? ಫ್ಯಾಕ್ಟ್ಸ್ ಆರ್ ಫ್ಯಾಕ್ಟ್ಸ್!"

"ಹೂಂ," ಅಂದರು. ಅವರ ಒಂದು "ಹೂಂ"ನಲ್ಲಿ ಎಷ್ಟು ಅನುಮಾನ ತುಂಬಬಹುದು ಎಂಬುದು ಮದುವೆಯಾಗಿ ನಲವತ್ತೊಂಬತ್ತು ವರ್ಷವಾದವರಿಗೆ ಮಾತ್ರ ಗೊತ್ತು.

ಆ "ಹೂಂ" ನನ್ನನ್ನು ಚುಚ್ಚಿತು. ಹೊರಗಿನ ತಜ್ಞರೊಬ್ಬರ ಅಭಿಪ್ರಾಯ ಸೇರಿಸಿದರೆ ಯಾರೂ ತಕರಾರು ಮಾಡುವಂತಿಲ್ಲ ಎಂದು ಹೊಳೆಯಿತು. ಸಿರುಗುಪ್ಪದಲ್ಲಿ ನನ್ನ ನಾದಿನಿ ಪದ್ದು ಇದ್ದಾಳೆ. ಆಕೆಯ ಪಕ್ಕದ ಮನೆಯಲ್ಲಿ ಒಬ್ಬರು ರಿಟೈರ್ಡ್ ಸೈನ್ಸ್ ಲೆಕ್ಚರರ್. ನಾನು ಅವರನ್ನು ನೋಡಿಲ್ಲ. ಪದ್ದು ಮಾತ್ರ "ನಮ್ಮ ಪಕ್ಕದ ಮನಿ ಲೆಕ್ಚರರ್ ಅಂತಾರ" ಎಂದು ಶುರು ಮಾಡದೆ ಒಂದು ಕಷಾಯವನ್ನೂ ಕುಡಿಯುವುದಿಲ್ಲ. ಅಂಥವರು "ಹುಡುಗಿ ಬಳ್ಳಾರಿಯಲ್ಲೇ ಇರಲಿ" ಎಂದುಬಿಟ್ಟರೆ ಮುಗಿಯಿತು! ತೀರ್ಪು ಅವರದು, ಸಂತೋಷ ನನ್ನದು.

ತಜ್ಞರ ಮುಂದೆ ಇಡಲು ಮೇಧಾಳ ಬಯೋಡೇಟಾ ಬೇಕಿತ್ತಲ್ಲ, ಅದನ್ನು ನಾನೇ ತಯಾರಿಸಿದೆ. ಆಕೆಗೆ ಹೇಳಲಿಲ್ಲ. ಹೇಳಿದ್ದರೆ ಎರಡು ಸಾಲಿನಲ್ಲಿ ಮುಗಿಸಿ ಕೊಡುತ್ತಿದ್ದಳು, ಈಗಿನ ಮಕ್ಕಳಿಗೆ ಡಿಗ್ನಿಟಿ ಅನ್ನುವುದು ಗೊತ್ತಿಲ್ಲ. ಹೆಸರು, ಹುಟ್ಟಿದ ದಿನ, ತಂದೆಯ ಉದ್ಯೋಗ, ಮಾರ್ಕ್ಸು. ಕೆಳಗೆ ನಮ್ಮ ಕಾನ್ವೆಂಟಿನ ಸಿಸ್ಟರುಗಳು ಬರೆದುಕೊಡುತ್ತಿದ್ದ ಶೈಲಿಯಲ್ಲಿ ಒಂದು ಟೆಸ್ಟಿಮೋನಿಯಲ್: "ಹುಡುಗಿ ಸುಶೀಲಳು, ಸೌಮ್ಯ ಸ್ವಭಾವದವಳು, ಹಿರಿಯರಿಗೆ ವಿಧೇಯಳು, ಎಂಥ ವಾತಾವರಣಕ್ಕೂ ಹೊಂದಿಕೊಳ್ಳುವವಳು." ಪಾಸ್‌ಪೋರ್ಟ್ ಸೈಜಿನ ಫೋಟೊ ಒಂದೂ ಉಳಿದಿರಲಿಲ್ಲ. ನೆಂಟರ ಮದುವೆಯೊಂದರಲ್ಲಿ ಜರತಾರಿ ಸೀರೆ ಉಟ್ಟು, ಮಲ್ಲಿಗೆ ಮುಡಿದು ನಿಂತ ಫೋಟೊ ಇತ್ತು. ಅದನ್ನೇ ಅಂಟಿಸಿದೆ.

ಬ್ರೂಸ್‌ಪೇಟೆಯ ಝೆರಾಕ್ಸ್ ಅಂಗಡಿಯವನು ಕಾಗದ ನೋಡಿ, ಫೋಟೊ ನೋಡಿ, ನನ್ನ ಮುಖ ನೋಡಿದ.

"ಎಷ್ಟು ಕಾಪಿ ಹಾಕ್ಲಿರಿ ಅಮ್ಮಾರೆ?"

"ಒಂದು ಸಾಕಪ್ಪ."

"ಒಂದ್ರಾಗ ಎಲ್ಲಿ ಮುಗಿತೈತ್ರಿ ಇಂಥಾದ್ದು! ಹತ್ತು ಕಡಿ ಕೊಟ್ರ ಒಂದ್ ಕಡಿ ಕುದುರತೈತಿ. ಕಲರ್ನ್ಯಾಗ ಹಾಕ್ಸ್ರಿ."

ಅಡ್ಮಿಶನ್ನಿನ ವಿಷಯದಲ್ಲಿ ಈತನಿಗೆ ಎಷ್ಟು ಅನುಭವ ಎಂದು ಮೆಚ್ಚಿಕೊಂಡು ಕಲರಿನಲ್ಲೇ ಹಾಕಿಸಿದೆ.

ಮನೆಗೆ ಬಂದವಳು ಕಾಗದದ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿ, ನೆತ್ತಿಗೆ ಕುಂಕುಮ ಇಟ್ಟೆ. ನಮ್ಮ ಮನೆಯಲ್ಲಿ ಒಳ್ಳೆಯ ಕೆಲಸಕ್ಕೆ ಹೊರಡುವ ಯಾವ ಕಾಗದವೂ ಬೋಳಾಗಿ ಹೊಸ್ತಿಲು ದಾಟುವುದಿಲ್ಲ. ಮೇಧಾಳ ಪರೀಕ್ಷೆಯ ಹಾಲ್ ಟಿಕೆಟ್ಟಿಗೂ ಹಚ್ಚಿದ್ದೆ. ಬಾಗಿಲಲ್ಲಿ ಚೆಕ್ ಮಾಡುವವರು ಅದನ್ನು ಮೂಸಿ ನೋಡಿ ಒಳಗೆ ಬಿಟ್ಟರಂತೆ.

ಸೋಮವಾರ ಸಿರುಗುಪ್ಪದ ಬಸ್ಸು ಹತ್ತಿದೆ. ತೆಕ್ಕಲಕೋಟೆ ದಾಟಿದ ಮೇಲೆ ಕಾಲುವೆ ನೀರಿನ ಗದ್ದೆಗಳಲ್ಲಿ ಹೆಂಗಸರು ಸಾಲಾಗಿ ಬಗ್ಗಿ ನಾಟಿ ಮಾಡುತ್ತಿದ್ದರು. ಮೇಧಾಳ ಬೂಷ್ಟಿಗೆ ಬೇಕಾದ ಭತ್ತವೆಲ್ಲ ಇಲ್ಲೇ ಇರುವಾಗ ಧಾರವಾಡದಲ್ಲಿ ಆಕೆಗೆ ಏನು ಕೆಲಸ? ಎಡಗಡೆಗೆ ಹದಿನೈದನೇ ಪಾಯಿಂಟ್ ಸೇರಿತು!

ಪದ್ದು ಮನೆಯಲ್ಲಿರಲಿಲ್ಲ. ಭಜನೆಗೆ ಹೋಗಿದ್ದಳು. ಲೆಕ್ಚರರ ಮನೆಗೆ ಬೀಗ. ಪದ್ದುವಿನ ಯಜಮಾನ ಗುಂಡಣ್ಣ ಮಾತ್ರ ಪಡಸಾಲೆಯಲ್ಲಿ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಗುಂಡಣ್ಣನವರ ಮಧ್ಯಾಹ್ನದ ನಿದ್ದೆ ಒಂದು ಸಂಸ್ಥೆ. ಅದನ್ನು ಅಲುಗಿಸಿದವರು ಆ ಮನೆಯಲ್ಲಿಲ್ಲ.

"ಗುಂಡಣ್ಣಾ, ದೇವರ ಮುಂದ ಒಂದು ಕವರ್ ಇಟ್ಟೀನಿ. ಪಕ್ಕದ ಮನಿ ಲೆಕ್ಚರರಿಗೆ ತೋರಿಸ್ಲಿಕ್ಕೆ ಪದ್ದೂಗ ಹೇಳ್ರಿ."

"ಹೂಂ," ಅಂದರು ಕಣ್ಣು ತೆರೆಯದೆ.

ನಮ್ಮ ಎರಡೂ ಮನೆಗಳ ಗಂಡಸರದು ಒಂದೇ ಭಾಷೆ ಎಂದುಕೊಂಡು ಒಂದು ತಾಸು ಕೂತೆ. ಅಷ್ಟು ಹೊತ್ತು ಫೋನನ್ನು ದೇವರ ಗೂಡಿನ ಪಕ್ಕದ ಪ್ಲಗ್ಗಿನಲ್ಲಿ ಚಾರ್ಜಿಗೆ ಹಾಕಿದ್ದೆ. ಬಸ್ಸಿನ ಹೊತ್ತಾಯಿತೆಂದು ಗಡಿಬಿಡಿಯಲ್ಲಿ ಎದ್ದು ಬಂದೆ. ಫೋನು ಮಾತ್ರ ಪ್ಲಗ್ಗಿನಿಂದ ಏಳಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಮೇಧಾ ಕೇಳಿದಳು, "ಅಜ್ಜಿ, ನಿನ್ನ ಫೋನ್ ಎಲ್ಲೆ?"

"ಪದ್ದು ಮನ್ಯಾಗ. ಸೇಫ್ ಅದ."

"ಅಜ್ಜೀ! ಅಡ್ಮಿಶನ್ನಿನ ಓಟಿಪಿ ಅದಕ್ಕ ಬರ್ತದ! ನಿನ್ನ ನಂಬರೇ ಕೊಡು ಅಂತ ಹಟಾ ಮಾಡಿದಾಕಿ ನೀನಲಾ!"

ನಿಜ. ಸುದ್ದಿ ಮೊದಲು ನನಗೇ ತಿಳಿಯಲಿ ಎಂದು ನಾನೇ ಹಟ ಮಾಡಿದ್ದೆ. ಈಗ ಸುದ್ದಿ ಮೊದಲು ಗುಂಡಣ್ಣನವರಿಗೆ ತಿಳಿಯುತ್ತಿತ್ತು, ಅವರು ಎದ್ದಿದ್ದರೆ.

"ಬೇಕಾದ್ರ ತರಿಸಿದ್ರಾತು. ಗುರುವಾರ ಇನ್ನೂ ದೂರ ಅದ," ಅಂದೆ. ಬೇಕಾಗುವುದಿಲ್ಲ ಎಂದು ಮನಸ್ಸಿನೊಳಗೆ ಅಂದುಕೊಂಡದ್ದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಧಾರವಾಡಕ್ಕೆ ತಾನೇ ಓಟಿಪಿ? ಬಳ್ಳಾರಿಯಲ್ಲೇ ಇರುವುದಕ್ಕೆ ಯಾವ ಓಟಿಪಿಯೂ ಬೇಕಿರಲಿಲ್ಲ.

ಮಂಗಳವಾರ ಯಜಮಾನರ ಫೋನು ರಿಂಗಾಯಿತು. "ಹೂಂ... ಹೂಂ... ಆತು... ಬರ್ಲಿ," ಎಂದು ಇಟ್ಟರು.

"ಯಾರ್ರೀ?"

"ಪದ್ದು."

"ಏನಂದ್ಲು?"

"ಗುರುವಾರ ಮೂರಕ್ಕ ಬರ್ತಾರಂತ."

"ಲೆಕ್ಚರರ್ರೇ ಬರ್ತಾರ? ಖುದ್ದಾಗಿ?"

"ಕೇಳಲಿಲ್ಲ."

ಕೇಳುವುದೇನಿದೆ! ಬಯೋಡೇಟಾ ನೋಡಿ ಆ ವಿದ್ವಾಂಸರಿಗೆ ಮನೆಯಲ್ಲಿ ನಿಲ್ಲಲಾಗಿಲ್ಲ, ಸಿರುಗುಪ್ಪದಿಂದ ತಾವೇ ಹೊರಟುಬರುತ್ತಿದ್ದಾರೆ! ನನ್ನ ಬರವಣಿಗೆಯ ಬಗ್ಗೆ ನನಗಿದ್ದ ಗೌರವ ಇಮ್ಮಡಿಯಾಯಿತು. ಗುರುವಾರ ಬೆಳಿಗ್ಗೆಯೇ ಕೇಸರಿಬಾತು ಮಾಡಿದೆ. ಮಂಡಕ್ಕಿ ಒಗ್ಗರಣೆ, ಮಿರ್ಚಿ ತಯಾರಿಟ್ಟೆ. ಸೋಫಾದ ಮೇಲೆ ಹೊಸ ಹೊದಿಕೆ ಹಾಸಿದೆ.

"ಮೇಧಾ, ಒಬ್ರು ದೊಡ್ಡ ಸೈಂಟಿಸ್ಟ್ ನಿನ್ನ ನೋಡ್ಲಿಕ್ಕೆ ಬರ್ತಾರ. ಸೀರಿ ಉಟ್ಕೋ."

"ಸೈಂಟಿಸ್ಟ್ ನೋಡ್ಲಿಕ್ಕೆ ಸೀರಿ ಯಾಕ ಅಜ್ಜಿ?"

"ಫಸ್ಟ್ ಇಂಪ್ರೆಶನ್!" ಅಂದೆ.

ಮೂರೂವರೆಗೆ ಆಟೋ ಬಂತು. ಮೊದಲು ಪದ್ದು ಇಳಿದಳು, ಕೈಯಲ್ಲಿ ತೆಂಗಿನಕಾಯಿ, ಹೂವು. ಹಿಂದೆ ಬಿಳಿಗೂದಲಿನ, ನೆಟ್ಟನೆ ನಿಂತ ಒಬ್ಬ ಹೆಂಗಸು. ಕನ್ನಡಕದ ಮೇಲಿಂದ ನೋಡುವ ರೀತಿಯಲ್ಲೇ ಪಾಠ ಹೇಳಿದವರೆಂದು ಗೊತ್ತಾಗುತ್ತಿತ್ತು. ಅಂದರೆ ಲೆಕ್ಚರರ್ ಹೆಂಗಸು! ನನಗೆ ಇನ್ನೂ ಹೆಮ್ಮೆಯಾಯಿತು. ಅವರ ಹಿಂದೆ ಇಸ್ತ್ರಿ ಮುರಿಯದ ಅಂಗಿಯ ಒಬ್ಬ ಯುವಕ. ಇವನು ಅವರ ಅಸಿಸ್ಟೆಂಟ್ ಇರಬೇಕು.

"ವೈನಿ, ಇವರು ಇಂದಿರಾಬಾಯಿ," ಅಂದಳು ಪದ್ದು.

"ಬರ್ರಿ ಬರ್ರಿ, ಕೂಡ್ರಿ. ನಿಮಗ ಭಾಳ ತೊಂದ್ರಿ ಕೊಟ್ವಿ. ಪದ್ದೂ, ನನ್ನ ಫೋನ್?"

"ಅಯ್ಯ, ಚಾರ್ಜಿಗೆ ಹಾಕಿದ್ದು ಅಲ್ಲೇ ಉಳೀತು ನೋಡ್ರಿ ವೈನಿ!"

ಕೇಸರಿಬಾತಿನ ತಟ್ಟೆ ಹಿಡಿದು ಮೇಧಾ ಬಂದಳು. ಇಂದಿರಾಬಾಯಿ ಆಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಸೈನ್ಸಿನವರು, ಸೂಕ್ಷ್ಮವಾಗಿ ನೋಡುತ್ತಾರೆ ಎಂದುಕೊಂಡೆ.

"ಏನು ಓದಬೇಕಂತೀ ಮುಂದ?" ಕೇಳಿದರು.

ಮೇಧಾಳಿಗೆ ಅಷ್ಟೇ ಸಾಕಾಯಿತು. ಭತ್ತದ ಬೆಂಕಿ ರೋಗ, ಎಲೆಯ ಮೇಲಿನ ಚುಕ್ಕೆ, ಚುಕ್ಕೆಯೊಳಗಿನ ಬೂಷ್ಟು, ಆ ಬೂಷ್ಟು ಗಾಳಿಯಲ್ಲಿ ಗದ್ದೆಯಿಂದ ಗದ್ದೆಗೆ ಹಾರುವ ಪರಿ, ಅದನ್ನು ತಾನು ಇದೇ ಮನೆಯ ಫ್ರಿಜ್ಜಿನಲ್ಲಿ ಸಾಕಿರುವುದು, ಎಲ್ಲವನ್ನೂ ಕಣ್ಣರಳಿಸಿ ಹೇಳಿದಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಫ್ರಿಜ್ಜು ತೆರೆದು ಗಾಜಿನ ತಟ್ಟೆಯನ್ನೂ ತಂದು ತೋರಿಸಿದಳು. ಯುವಕ ಬಾಯಿಗೆ ಒಯ್ಯುತ್ತಿದ್ದ ಕೇಸರಿಬಾತಿನ ಚಮಚೆಯನ್ನು ಮೆಲ್ಲಗೆ ತಟ್ಟೆಗೆ ಇಳಿಸಿದ.

"ಇನ್ನ ಹೇಳ್ರಿ ಮೇಡಂ," ನಾನು ಮುಂದೆ ಬಾಗಿದೆ. "ನಿಮ್ಮ ಅಭಿಪ್ರಾಯದೊಳಗ ಇಕಿ ಬಳ್ಳಾರಿಯೊಳಗೇ ಎಂ.ಎಸ್ಸಿ. ಮಾಡಬೇಕೋ, ಧಾರವಾಡಕ್ಕ ಹೋಗಬೇಕೋ? ಲ್ಯಾಬ್ ಗೀಬ್ ಅಂತೇನೂ ನೀವು ಸಂಕೋಚ ಮಾಡಬ್ಯಾಡ್ರಿ. ಇವತ್ತ ಐದಕ್ಕ ಕ್ಲೋಸ್ ಅದ, ಮನಸ್ಸಿಗೆ ಬಂದದ್ದು ಹೇಳಿಬಿಡ್ರಿ."

ಇಂದಿರಾಬಾಯಿ ಪದ್ದುವನ್ನು ನೋಡಿದರು. ಪದ್ದು ನನ್ನನ್ನು ನೋಡಿದಳು. ಯುವಕ ಬಾಗಿಲನ್ನು ನೋಡಿದ.

"ಅಮ್ಮಾ," ಅಂದ ಅವನು ಸಣ್ಣ ದನಿಯಲ್ಲಿ, "ನಾವು ಬಂದ ಮನಿ ಇದೇ ಹೌದಲ್ಲ?"

ಅಮ್ಮಾ!

"ಪದ್ದೂ, ಇವರು ನಿಮ್ಮ ಪಕ್ಕದ ಮನಿ ಲೆಕ್ಚರರ್ ಅಲ್ಲೇನು?"

"ಎಲ್ಲೀ ಲೆಕ್ಚರರ್ರು ವೈನಿ! ಅವರು ಮಗನ ಮನಿಗೆ ಹೋಗಿ ಹದಿನೈದು ದಿನ ಆತು. ಇವರು ಕುರುಗೋಡಿನವರು. ಸಾಲಿ ಹೆಡ್‌ಮಿಸ್ಟ್ರೆಸ್ ಆಗಿದ್ರು. ಇವ ಅವರ ಮಗ ಶ್ರೀನಿಧಿ, ಕೆಲಸಕ್ಕಿದ್ದಾನ. ಕನ್ಯಾ ನೋಡ್ಲಿಕ್ಕೆ ಬಂದಾರ!"

ಮೇಧಾಳ ಕೈಯಲ್ಲಿದ್ದ ಬೂಷ್ಟಿನ ತಟ್ಟೆ ಬೀಳಲಿಲ್ಲ. ನನ್ನ ಕೈಯಲ್ಲಿದ್ದ ನೀರಿನ ಲೋಟ ಬಿತ್ತು.

"ಯಾರು ಹೇಳಿದ್ರು ನಿನಗ ಕನ್ಯಾ ತೋರಿಸು ಅಂತ?"

"ನೀವೇ!" ಪದ್ದುವಿಗೂ ಸಿಟ್ಟು ಬಂತು. "ದೇವರ ಮುಂದ ಕವರ್ ಇಟ್ಟೀರಿ. ತೆಗೆದು ನೋಡ್ತೀನಿ, ನಾಕೂ ಮೂಲಿಗೆ ಅರಿಶಿನ, ಮ್ಯಾಲ ಕುಂಕುಮ, ಜರದ ಸೀರಿ ಫೋಟೊ, ಸುಶೀಲ, ಸೌಮ್ಯ, ಎಂಥಾ ಮನಿಗೂ ಹೊಂದ್ಕೋತಾಳ..."

"ಮನಿ ಅಲ್ಲ, ವಾತಾವರಣ!"

"ಏನೋ ಒಂದು! ಅರಿಶಿನ ಹಚ್ಚಿ ಯಾರರೇ ಅಡ್ಮಿಶನ್ ಕಾಗದ ಕಳಸ್ತಾರೇನ್ರಿ? ಇವರನ್ನ ಕೇಳಿದ್ರ ಕಣ್ಣು ತಿಕ್ಕೋತ 'ನಿಮ್ಮ ವೈನಿ ಬಂದಂಗಿತ್ತು, ಏನೋ ತೋರಸು ಅಂದ್ರು' ಅಂದ್ರು. ನಿಮಗ ಫೋನ್ ಮಾಡಿದ್ರ ನಮ್ಮ ಮನ್ಯಾಗೇ ಬಾರಸ್ತದ. ಅಣ್ಣಗ ಮಾಡಿ ಗುರುವಾರ ಮಂದೀನ್ನ ಕರಕೊಂಡು ಬರ್ಲೇನು ಅಂದೆ. ಹೂಂ ಬರ್ಲಿ ಅಂದ!"

ಎಲ್ಲರೂ ಯಜಮಾನರನ್ನು ನೋಡಿದೆವು.

"ಮಂದಿ ಅಂದ್ಲು. ಬರ್ಲಿ ಅಂದೆ," ಅಂದರು ಅವರು.

ನೆಲ ಬಾಯಿ ಬಿಟ್ಟರೆ ಇಳಿದುಬಿಡೋಣ ಎನ್ನಿಸಿತು. ಆದರೆ ಅದು ಬಾಡಿಗೆ ಮನೆ, ಕೆಳಗೆ ಓನರ್ ಇದ್ದರು. ಅಷ್ಟರಲ್ಲಿ ಯಾರೋ ನಗುವ ಸದ್ದು. ಇಂದಿರಾಬಾಯಿ! ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಗುತ್ತಿದ್ದರು.

"ಇಷ್ಟ್ ವರ್ಷ ಸಾಲಿಯೊಳಗ ಅಡ್ಮಿಶನ್ ಮಾಡೀನ್ರಿ. ಒಮ್ಮೆರೆ ನನಗ ಕೇಸರಿಬಾತ್ ಕೊಟ್ಟಿದ್ದಿಲ್ಲ ಯಾರೂ! ಇರ್ಲಿ, ಬಂದದ್ದು ಬಂದೀವಿ. ಈ ಬೆಂಕಿ ರೋಗ ನಮ್ಮ ಹೊಲಕ್ಕೂ ಬರ್ತದ. ಏನ್ ತಕರಾರು ನಿಮ್ಮದು, ಹೇಳ್ರಿ ನೋಡೋಣ."

ತಜ್ಞರು ಬೇಕೆಂದವಳು ನಾನೇ. ಹದಿನೈದು ಪಾಯಿಂಟಿನ ಕಾಗದ ತಂದು ಕೊಟ್ಟೆ. ಅವರು ಕೆಂಪು ಪೆನ್ನಿಲ್ಲದಿದ್ದರೂ ಇರುವವರ ಹಾಗೆ ಬೆರಳಿಟ್ಟು ಓದಿದರು. ಓದಿ ಮಡಚಿದರು.

"ಇದರಾಗ ಹುಡುಗಿ ಎಲ್ಲಿದ್ದಾಳ್ರಿ? ನಿಮ್ಮ ಮಂಡಿ ಅದ, ನಿಮ್ಮ ಗುಳಗಿ ಅದ, ನಿಮ್ಮ ಯಜಮಾನರ ಪೇಪರ್ ಅದ. ಇದು ಅಡ್ಮಿಶನ್ ಅಲ್ಲ, ಮನಿ ಕೆಲಸಕ್ಕ ಅರ್ಜಿ."

ಮೂವತ್ತು ಚಿಲ್ಲರೆ ವರ್ಷ ಮಕ್ಕಳ ಕಾಪಿಗಳಲ್ಲಿ "ಆಫ್ ದ ಪಾಯಿಂಟ್" ಎಂದು ಬರೆದವಳು ನಾನು. ನನ್ನ ಕಾಪಿಯ ಮೇಲೆ ಯಾರೂ ಬರೆದಿರಲಿಲ್ಲ.

"ನೀ ಹೇಳವಾ, ನಿನಗೇನ್ ಬೇಕಾಗೇದ?" ಎಂದು ಮೇಧಾಳ ಕಡೆ ತಿರುಗಿದರು.

ಮೇಧಾ ಬೂಷ್ಟಿನ ತಟ್ಟೆಯನ್ನು ಕೆಳಗಿಟ್ಟಳು. ಆಮೇಲೆ ನನ್ನನ್ನೇ ನೋಡಿ ಹೇಳಿದಳು. "ಹೋಗಬೇಕಂತ ಅದ ಅಜ್ಜಿ. ಆದ್ರ ಹೆದರಿಕಿ ಆಗ್ತದ. ಇಲ್ಲೆ ನಾ ಫಸ್ಟ್ ಬರ್ತೀನಿ. ಅಲ್ಲೆ ಬರೋರು ಎಲ್ಲಾರೂ ಅವರವರ ಊರಾಗ ಫಸ್ಟ್ ಬಂದವರೇ. ಅದಕ್ಕೇ ನಿನಗ ಕೇಳಿದ್ದು. ನೀ ಬ್ಯಾಡ ಅಂದ್ರ, ಅಜ್ಜಿ ಬ್ಯಾಡ ಅಂದ್ಲು ಅಂತ ಎಲ್ಲಾರಿಗೂ ಹೇಳಿಬಿಡಬಹುದಿತ್ತು."

ಈ ಉಪಾಯ ನನಗೆ ಹೊಸದಲ್ಲ.

ನಮ್ಮ ಮನೆತನದಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ ಒಂದಿದೆ. ನನಗೆ ಧಾರವಾಡದಲ್ಲಿ ಎಂ.ಎ. ಇಂಗ್ಲಿಷಿಗೆ ಸೀಟು ಸಿಕ್ಕಿತ್ತು, ನಮ್ಮಪ್ಪ ಕಳಿಸಲಿಲ್ಲ. ಈ ಕಥೆಯನ್ನು ನಾನು ಮಹಿಳಾ ದಿನಾಚರಣೆಯಲ್ಲಿ ಮೈಕಿನ ಮುಂದೆ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಒಬ್ಬರು ಶಾಲು ಕೂಡ ಹೊದಿಸಿದ್ದರು.

"ಮೇಧಾ," ಅಂದೆ. "ನಮ್ಮಪ್ಪ ನನ್ನ ಕಳಿಸಿದ್ದ."

"ಏನು?" ಇದು ಯಜಮಾನರು.

"ಟ್ರಂಕ್ ಹೊತ್ಕೊಂಡು ರೈಲಿನ್ಯಾಗ ತಾನೇ ಬಂದು ಹಾಸ್ಟೆಲ್ಲಿಗೆ ಬಿಟ್ಟು ಹೋಗಿದ್ದ. ನಾನೇ ಹನ್ನೊಂದು ದಿನಕ್ಕ ಓಡಿ ಬಂದೆ. ಬಳ್ಳಾರಿಯೊಳಗ ಇಂಗ್ಲಿಷ್ ಅಂದ್ರ ನಾನು. ಅಲ್ಲಿ ಇಡೀ ಕ್ಲಾಸಿಗೇ ಇಂಗ್ಲಿಷ್ ಬರ್ತಿತ್ತು! ಒಂದಿನ ಎದ್ದು ಓದಿದೆ, ಸರ್ ತಿದ್ದಿದ್ರು. ಹಿಂದಿನ ಬೆಂಚಿನಾಕಿ ನಕ್ಕಳು. ಮರುದಿನ ರೈಲು ಹತ್ತಿದೆ. ಮನಿಗೆ ಬಂದಾಗ ಅಪ್ಪ ಏನೂ ಕೇಳಲಿಲ್ಲ. ಓಣಿ ಮಂದಿ ಕೇಳಿದ್ರ, 'ನಾನೇ ಬ್ಯಾಡ ಅಂತ ಕರಸ್ಕೊಂಡೆ' ಅಂದ. ಮುಂದ ನಾನೂ ಅದನ್ನೇ ಹೇಳ್ಕೋತ ಬಂದೆ. ಸಾಯೂತನಕ ಅವ ಒಮ್ಮೆಯೂ ಅಲ್ಲ ಅನಲಿಲ್ಲ."

ಮಿರ್ಚಿ ಆರುತ್ತಿತ್ತು.

"ನಲವತ್ತೊಂಬತ್ತು ವರ್ಷ," ಅಂದರು ಯಜಮಾನರು ನಿಧಾನವಾಗಿ. "ನಿಮ್ಮಪ್ಪನ ಮ್ಯಾಲ ನಾ ಸಿಟ್ಟಾಗಿದ್ದೆ." ಅವರ ಪಾಲಿಗೆ ಅದು ದೊಡ್ಡ ಭಾಷಣ.

"ಹೋಗು ಪುಟ್ಟಿ," ಅಂದೆ. "ಹೆದರಿಕಿ ಆದ್ರ ಅಲ್ಲೇ ಕೂತು ಹೆದರು. ನನ್ನ ಹೆಸರು ಹೇಳಿ ಇಲ್ಲಿ ಕೂಡಬ್ಯಾಡ."

ಮೇಧಾ ಬಂದು ನನ್ನ ಭುಜಕ್ಕೆ ತಲೆಯಿಟ್ಟಳು. ಬಹಳ ಮನಮುಟ್ಟುವ ದೃಶ್ಯ. ನಾನು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದೆ, ಅಷ್ಟರಲ್ಲಿ ಶ್ರೀನಿಧಿ ಕೆಮ್ಮಿದ.

"ಐದಕ್ಕ ಕ್ಲೋಸ್ ಅಂದ್ರಲ್ರಿ? ಈಗ ನಾಕು ನಲವತ್ತು."

ದೃಶ್ಯ ಅಲ್ಲಿಗೆ ಮುಗಿಯಿತು! ಲ್ಯಾಪ್‌ಟಾಪ್ ಬಂತು. ಮೇಧಾ ಒಪ್ಪಿಗೆ ಒತ್ತಿದಳು. ಪರದೆಯ ಮೇಲೆ ಬರೆದುಕೊಂಡಿತು: ನಿಮ್ಮ ಮೊಬೈಲಿಗೆ ಓಟಿಪಿ ಕಳಿಸಲಾಗಿದೆ.

ನನ್ನ ಮೊಬೈಲು ಸಿರುಗುಪ್ಪದಲ್ಲಿ, ದೇವರ ಗೂಡಿನ ಪಕ್ಕದಲ್ಲಿ, ಗುಂಡಣ್ಣನವರ ನಿದ್ದೆಯ ಸುಪರ್ದಿಯಲ್ಲಿತ್ತು.

ಪದ್ದು ಫೋನ್ ಹಚ್ಚಿದಳು, ಸ್ಪೀಕರಿಗೆ ಹಾಕಿದಳು. ಮೂರನೇ ಸಲಕ್ಕೆ ಎತ್ತಿದರು.

"ಏನ್ರೀ, ಎದ್ದೀರೇನು?"

"ಹೂಂ."

"ದೇವರ ಗೂಡಿನ ಬಾಜೂಕ ವೈನಿ ಫೋನ್ ಅದ. ಅದರಾಗ ನಂಬರ್ ಬಂದದ, ಓದ್ರಿ."

"ಕನ್ನಡಕ ಎಲ್ಲದ?"

"ಹಣೀ ಮ್ಯಾಲ ನೋಡ್ಕೋರಿ!"

"ಹಾಂ... ಅದ." ಹೆಜ್ಜೆಯ ಸದ್ದು. ಏನೋ ಉರುಳಿದ ಸದ್ದು. ಆರತಿ ಗಂಟೆ ಇರಬೇಕು. "ಇದರಾಗ ಯಾರೋ ಗುಡ್ ಮಾರ್ನಿಂಗ್ ಅಂತ ಗುಲಾಬಿ ಹೂವು ಕಳಿಸ್ಯಾರ."

"ಅದಲ್ಲಾ! ನಂಬರ್ರು!"

ಓದಿದರು. ಮೇಧಾ ಒತ್ತಿದಳು. ತಪ್ಪು ಎಂದು ಬಂತು. ಅದು ಬೆಳಿಗ್ಗೆ ಗ್ಯಾಸಿನವರು ಕಳಿಸಿದ ನಂಬರಾಗಿತ್ತು. ಮತ್ತೆ ಕಳಿಸು ಎಂದು ಒತ್ತಿದಳು. ನಾಲ್ಕು ಐವತ್ಮೂರು.

"ಈಗ ಇನ್ನೊಂದು ಬಂತಲ್ಲ," ಅಂದರು ಗುಂಡಣ್ಣ ಆಕಳಿಸುತ್ತ. "ಇದನ್ನ ಯಾರಿಗೂ ಹೇಳಬ್ಯಾಡ್ರಿ ಅಂತ ಬರ್ದದ. ಹೇಳಬಾರದು."

"ನಮಗ ಹೇಳ್ರಿ!"

"ಯಾರಿಗೂ ಅಂದ್ರ ಯಾರಿಗೂ. ಪೇಪರಿನ್ಯಾಗ ಓದೀನಿ, ಹಿಂಗ ಹೇಳಿ ಮೋಸ ಹೋಗ್ತಾರ."

ಜೀವಮಾನದಲ್ಲಿ ಮೊದಲ ಸಲ ಗುಂಡಣ್ಣನವರು ಪೂರ್ತಿ ಎಚ್ಚರವಾಗಿದ್ದರು, ಅದೂ ಆ ಗಳಿಗೆಯಲ್ಲಿ! ಪದ್ದು ಬೇಡಿಕೊಂಡಳು. ನಾನು ಕನ್ನಡ, ಇಂಗ್ಲಿಷು, ಕೊನೆಗೆ ತೆಲುಗಿನಲ್ಲೂ ಬೇಡಿಕೊಂಡೆ. ನಾಲ್ಕು ಐವತ್ತಾರು. ಆಗ ಇಂದಿರಾಬಾಯಿ ಕೈ ಚಾಚಿ ಫೋನು ತೆಗೆದುಕೊಂಡರು. ಗಂಟಲು ಸರಿಮಾಡಿಕೊಂಡರು.

"ಯಾರಲ್ಲಿ ಮಾತಾಡೋರು? ಎದ್ದು ನಿಂದರು! ನೆಟ್ಟಗ ನಿಂತು, ಒಂದೊಂದೇ ಅಂಕಿ, ಗಟ್ಟಿಯಾಗಿ ಓದು!"

ಅರವತ್ತೆಂಟು ವರ್ಷದ ಗುಂಡಣ್ಣನವರು ಎದ್ದು ನಿಂತ ಸದ್ದು ಬಳ್ಳಾರಿಗೆ ಕೇಳಿಸಿತು. ಆರು ಅಂಕಿಗಳು, ಮಗ್ಗಿ ಒಪ್ಪಿಸಿದ ಹಾಗೆ, ಮುತ್ತಿನಂತೆ ಉದುರಿದವು. "ಆತ್ರೀ ಟೀಚರ್," ಎಂದೂ ಅಂದರು.

ಪರದೆ ಹಸಿರಾಯಿತು. ಸೀಟು ಉಳಿಯಿತು.

ಆಮೇಲೆ ಎಲ್ಲರೂ ಆರಿದ ಮಿರ್ಚಿ ತಿಂದೆವು. ಶ್ರೀನಿಧಿ ಎರಡು ಸಲ ಮಂಡಕ್ಕಿ ಹಾಕಿಸಿಕೊಂಡ. ಈಗ ಮದುವೆ ಬೇಡವೆಂದು ಮೂರು ತಿಂಗಳಿಂದ ಅವನೂ ಅಮ್ಮನಿಗೆ ಹೇಳಲು ಹವಣಿಸುತ್ತಿದ್ದನಂತೆ. ಹೊರಡುವಾಗ ಇಂದಿರಾಬಾಯಿ ಮೇಧಾಳಿಗೆ ಕುಂಕುಮ ಹಚ್ಚಿ, "ನಮ್ಮ ಹೊಲದ ಎಲಿ ಕಳಸ್ತೀನಿ, ನೋಡಿ ಹೇಳು" ಅಂದರು. ನನ್ನ ಕಡೆ ತಿರುಗಿ, "ಹುಡುಗಿ ಭಾಳ ಛಲೋ ಇದ್ದಾಳ. ಮುಂದ ಖರೇನೆ ಕನ್ಯಾ ತೋರಸೂ ಮುಂದ ಕಾಗದ ಮಾತ್ರ ನೀವು ಬರೀಬ್ಯಾಡ್ರಿ" ಅಂದರು.

ಮೇಧಾ ಧಾರವಾಡಕ್ಕೆ ಹೋದಳು. ಹೋಗಿ ಎರಡು ವಾರಕ್ಕೆ ಒಂದು ಸಂಜೆ ಫೋನ್ ಮಾಡಿದಳು. ಮೊದಲ ಟೆಸ್ಟ್ ಆಗಿತ್ತಂತೆ.

"ಎಷ್ಟನೇದಾಕಿ ಬಂದಿ?"

"ಕೆಳಗಿಂದ ಎರಡನೇದಾಕಿ ಅಜ್ಜಿ."

ಈ ಗಳಿಗೆಗಾಗಿ ನಾನು ಸಿದ್ಧಳಾಗಿದ್ದೆ. ಅನುಭವಸ್ಥಳಲ್ಲವೇ? ಧೈರ್ಯ, ಸೋಲು, ಸ್ವಾಭಿಮಾನ ಎಂದು ಮೂರು ಭಾಗದ ಉಪನ್ಯಾಸವನ್ನು ಬಾಯಿಪಾಠ ಮಾಡಿಟ್ಟಿದ್ದೆ. "ನೋಡು ಪುಟ್ಟಿ, ಲೈಫ್ ಅಂದ್ರ..." ಎಂದು ಶುರು ಮಾಡಿದೆ.

"ಅಜ್ಜಿ, ಕೆಳಗಿಂದ ಮೊದಲನೇದಾಕಿ ನನ್ನ ರೂಂಮೇಟ್. ಭಾಳ ಶಾಣ್ಯಾ ಇದ್ದಾಳ, ಬರೀಲಿಕ್ಕೆ ಟೈಮ್ ಸಾಲಲಿಲ್ಲಂತ. ನಾವಿಬ್ರೂ ಕೂತು ಭಾಳ ನಕ್ಕಿವಿ. ಇಲ್ಲೆ ಎಲ್ಲಾರಿಗೂ ನನಕಿಂತ ಜಾಸ್ತಿ ಗೊತ್ತದ ಅಜ್ಜಿ, ಏನ್ ಕೇಳಿದ್ರೂ ಹೇಳ್ತಾರ! ಮಜಾ ಅದ. ಲ್ಯಾಬ್ ಬಂದ್ ಆಗ್ತದ, ಇಡ್ತೀನಿ."

ಇಟ್ಟಳು. ಉಪನ್ಯಾಸದ ಮೂರೂ ಭಾಗಗಳು ನನ್ನ ಬಾಯಲ್ಲೇ ಉಳಿದವು.

"ಹೆಂಗಿದ್ದಾಳ?" ಕೇಳಿದರು ಯಜಮಾನರು.

"ಆರಾಮ ಇದ್ದಾಳ."

ಅವರು ಪೇಪರಿನಿಂದ ತಲೆ ಎತ್ತಲಿಲ್ಲ. "ಮಂಚದ ಕೆಳಗಿನ ಬ್ಯಾಗು ಬಿಚ್ಚು," ಅಂದರು.

ನಾಲ್ಕು ದಿನದಿಂದ ಆ ಬ್ಯಾಗು ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಹುಡುಗಿ ಅತ್ತರೆ ಮರುದಿನವೇ ಧಾರವಾಡಕ್ಕೆ ಹೋಗಿ ಕರೆದುಕೊಂಡು ಬರೋಣ ಎಂದು ಎರಡು ಸೀರೆ, ಬಿ.ಪಿ. ಗುಳಿಗೆ, ಒಂದು ಡಬ್ಬಿ ಶೇಂಗಾ ಉಂಡಿ ತುಂಬಿಟ್ಟಿದ್ದೆ. ಬಿಚ್ಚಿದೆ. ಬೆಲ್ಲದ ಪಾಕ ಏರಿ ಉಂಡಿ ಕಲ್ಲಾಗಿತ್ತು. ಅಳುವವರು ಯಾರೂ ಇಲ್ಲದ್ದರಿಂದ ನಾವಿಬ್ಬರೇ ವಾರಪೂರ್ತಿ ಅದನ್ನು ಹಾಲಿನಲ್ಲಿ ನೆನೆಸಿ ತಿಂದೆವು.